ಇದು ಯಾರ ಮೀನು?

ಹವಾಯಿಯ ಓವಾಹು ದ್ವೀಪದ ಆಗ್ನೇಯ ತುದಿಯಲ್ಲಿರುವ ಹನೌಮ ಕೊಲ್ಲಿಯನ್ನು ನೋಡಬೇಕೆಂದರೆ ಹೊರಗಿನವರು ಎರಡು ದಿನ ಮುಂಚಿತವಾಗಿ, ಅಲ್ಲಿನ ಕಾಲಮಾನದಂತೆ ಬೆಳಿಗ್ಗೆ 7 ಗಂಟೆಗೆ ಸರಿಯಾಗಿ, ಕಂಪ್ಯೂಟರಿನ ಮುಂದೆ ಕುಳಿತಿರಬೇಕು. ಕೆಲವೇ ನಿಮಿಷಗಳಲ್ಲಿ ದಿನದ ಟಿಕೆಟುಗಳೆಲ್ಲ ಮುಗಿದುಹೋಗುತ್ತವೆ. ತತ್ಕಾಲ್ ಟಿಕೆಟ್ಟಿಗಾಗಿ ಬೆರಳು ಹದಗೊಳಿಸಿಕೊಂಡ ನಮ್ಮ ಪೀಳಿಗೆಗೆ ಇದೇನೂ ಹೊಸ ವಿದ್ಯೆಯಲ್ಲ. ಆದರೂ ಮೊದಲ ದಿನ ನಾನು ಸೋತೆ. ಎರಡನೆಯ ದಿನ ಮೂವರಿಗೆ ಜಾಗ ಸಿಕ್ಕಿತು: ನನಗೆ, ಮಗಳಿಗೆ ಮತ್ತು ಊರಿನಿಂದ ಬಂದಿದ್ದ ಅಮ್ಮನಿಗೆ.

ಜ್ವಾಲಾಮುಖಿಯ ಬಾಯಿಯೊಂದರ ಒಂದು ಬದಿಯನ್ನು ಸಮುದ್ರ ಕೊರೆದು ಒಳನುಗ್ಗಿದ್ದರಿಂದ ಆದ ಕೊಲ್ಲಿ ಇದು. ಮೇಲಿನಿಂದ ನೋಡಿದರೆ ಅರ್ಧ ಒಡೆದ ಬಾಣಲೆಯಂತಿದೆ. ಕೆಳಗಿಳಿಯುವ ಮುನ್ನ ಎಲ್ಲರೂ ಒಂದು ಕೋಣೆಯಲ್ಲಿ ಕುಳಿತು ಒಂಬತ್ತು ನಿಮಿಷದ ಚಿತ್ರ ನೋಡಬೇಕು. ಹವಳವನ್ನು ತುಳಿಯಬೇಡಿ, ಆಮೆಯನ್ನು ಮುಟ್ಟಬೇಡಿ, ಮೀನಿಗೆ ಏನನ್ನೂ ತಿನ್ನಿಸಬೇಡಿ. ಸಾಲಿನಲ್ಲಿ ನಮ್ಮ ಹಿಂದೆ ಕನ್ನಡದ ದನಿ ಕೇಳಿಸಿತು. ಕ್ಯಾಲಿಫೋರ್ನಿಯಾದಿಂದ ಬಂದ ಕುಟುಂಬ. ಮನೆಯ ಯಜಮಾನರು ಸಿಟ್ಟಾಗಿದ್ದರು. "ತಲೆಗೆ ಇಪ್ಪತ್ತೈದು ಡಾಲರ್ ಕೊಟ್ಟು ಪಾಠ ಬೇರೆ ಕೇಳ್ಬೇಕು. ಇಲ್ಲಿಯವರಿಗೆ ಮಾತ್ರ ಪುಕ್ಕಟೆ. ಇದು ಡಿಸ್ಕ್ರಿಮಿನೇಶನ್ ಅಲ್ದೆ ಇನ್ನೇನು ಮೇಡಂ?"

ಆ ಪ್ರಶ್ನೆಗೆ ಅಲ್ಲಿ ನಾನು ನಕ್ಕು ಸುಮ್ಮನಾದೆ. ಸಾಲಿನಲ್ಲಿ ನಿಂತು ಕೊಡಬಹುದಾದ ಉತ್ತರ ನನ್ನಲ್ಲಿರಲಿಲ್ಲ. ಈ ಬರಹ ಆ ತಡವಾದ ಉತ್ತರ.

ಮೊದಲಿಗೆ ಸುಲಭದ ಭಾಗ. ಹಂಪಿಯ ವಿಟ್ಠಲ ದೇವಾಲಯದ ಬಾಗಿಲಲ್ಲಿ ಭಾರತೀಯರಿಗೆ 40 ರೂಪಾಯಿ, ವಿದೇಶೀಯರಿಗೆ 600 ರೂಪಾಯಿ. ಅಮೆರಿಕದ ಪಾಸ್‌ಪೋರ್ಟ್ ಪಡೆದ ಮೇಲೂ ಓಸಿಐ ಕಾರ್ಡ್ ತೋರಿಸಿ 40 ರೂಪಾಯಿಯ ಸಾಲಿಗೆ ಸೇರಿಕೊಳ್ಳುವ ನಮಗೆ ಅಲ್ಲಿ ತಾರತಮ್ಯ ಕಾಣುವುದಿಲ್ಲ. ನಮ್ಮ ಹಿರಿಯರು ಕಟ್ಟಿದ್ದಲ್ಲವೇ ಎಂಬ ಸಮಾಧಾನ ಕಾಣುತ್ತದೆ. ಹನೌಮದಲ್ಲಿ ಅದೇ ತರ್ಕ ನಮ್ಮ ವಿರುದ್ಧ ತಿರುಗಿದಾಗ ಮಾತ್ರ ಸಮಾನತೆಯ ನೆನಪಾಗುತ್ತದೆ. ಹೊರಗಿನವರಿಗೆ ಮಾತ್ರ ಶುಲ್ಕ ವಿಧಿಸುವುದನ್ನು ಯಾರೋ ನ್ಯಾಯಾಲಯದಲ್ಲಿಯೂ ಪ್ರಶ್ನಿಸಿದ್ದರು. 2002ರಲ್ಲಿ ಫೆಡರಲ್ ನ್ಯಾಯಾಲಯ ಹೊನೊಲುಲು ನಗರದ ಪರವಾಗಿಯೇ ತೀರ್ಪು ಕೊಟ್ಟಿತು.

ಕಷ್ಟದ ಭಾಗ ಬೇರೆಯೇ ಇದೆ. ಈ ಕೊಲ್ಲಿಗೆ ಬೇಲಿ ಏಕೆ ಬಂತೆಂಬುದನ್ನು ತಿಳಿಯಲು ಅದು ಬೇಲಿಯಿಲ್ಲದೆ ಹೇಗಿತ್ತೆಂದು ತಿಳಿಯಬೇಕು. ಒಂದು ಕಾಲಕ್ಕೆ ಹವಾಯಿಯ ಅರಸು ಮನೆತನದವರು ಮೀನು ಹಿಡಿಯುತ್ತಿದ್ದ ಜಾಗ. 1928ರಲ್ಲಿ ಬಿಷಪ್ ಎಸ್ಟೇಟ್ ಇದನ್ನು ಸಾರ್ವಜನಿಕ ಉದ್ಯಾನವಾಗಿಯೇ ಉಳಿಸಬೇಕೆಂಬ ಷರತ್ತಿನ ಮೇಲೆ ಒಂದು ಡಾಲರಿನ ಬೆಲೆಗೆ ನಗರಕ್ಕೆ ಬಿಟ್ಟುಕೊಟ್ಟಿತು. 1950ರ ದಶಕದಲ್ಲಿ ಮುಖ್ಯಭೂಮಿಗೆ ದೂರವಾಣಿ ತಂತಿ ಎಳೆಯಲೆಂದು ಹವಳದ ದಿಬ್ಬವನ್ನೇ ಸಿಡಿಮದ್ದಿಟ್ಟು ಸೀಳಲಾಯಿತು. 1961ರಲ್ಲಿ ಎಲ್ವಿಸ್ ಪ್ರೆಸ್ಲಿಯ 'ಬ್ಲೂ ಹವಾಯಿ' ಚಿತ್ರ ಇಲ್ಲಿ ತಯಾರಾಯಿತು. 1967ರಲ್ಲಿ ಇಡೀ ಹವಾಯಿಯ ಮೊದಲ ಸಾಗರಜೀವಿ ಸಂರಕ್ಷಣಾ ಪ್ರದೇಶವೆಂಬ ಘೋಷಣೆಯಾಗಿ ಮೀನುಗಾರಿಕೆ ನಿಂತಿತು. ಮೀನು ಹಿಡಿಯುವವರು ಹೋದರು, ಮೀನು ನೋಡುವವರು ಬಂದರು. 1980ರ ದಶಕದ ಕೊನೆಯ ಹೊತ್ತಿಗೆ ಕೆಲವು ದಿನಗಳಲ್ಲಿ ಹತ್ತು ಸಾವಿರ ಜನ, ವರ್ಷಕ್ಕೆ ಸುಮಾರು ಮೂವತ್ತು ಲಕ್ಷ! ಮೈಗೆ ಬಳಿದ ಎಣ್ಣೆ ನೀರಿನ ಮೇಲೆ ಹೊಳೆಯುವ ಪದರವಾಗಿ ನಿಲ್ಲುತ್ತಿತ್ತು. ಪ್ರವಾಸಿಗರು ಮೀನಿಗೆ ಬ್ರೆಡ್ಡು, ಶೈತ್ಯೀಕರಿಸಿದ ಬಟಾಣಿ ಎರಚುತ್ತಿದ್ದರು. ತಿನ್ನಿಸುವುದು ಪೂರ್ತಿಯಾಗಿ ನಿಂತದ್ದು 1990ರ ದಶಕದ ಕೊನೆಯಲ್ಲಿ. 2015ರಲ್ಲಿ ಸಮುದ್ರ ಬಿಸಿಯೇರಿದಾಗ ಇಲ್ಲಿನ ಹವಳಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ಬಿಳಿಚಿಕೊಂಡವು.

ಮೀನಿಗೆ ತಿನ್ನಿಸಬಾರದೆಂಬ ನಿಯಮವೇ ಅಮ್ಮನಿಗೆ ಅರ್ಥವಾಗದೆ ಹೋದದ್ದು. ಅವಳು ಬೆಳ್ತಂಗಡಿ ತಾಲೂಕಿನವಳು. ಅವಳ ಪಾಲಿಗೆ ಕೊಲ್ಲದೆ ಉಳಿಸಿದ ಮೀನೆಂದರೆ ಶಿಶಿಲದ ಕಪಿಲಾ ನದಿಯ ಮೀನು, ಶೃಂಗೇರಿಯ ತುಂಗೆಯ ಮೀನು. ಅವುಗಳಿಗೆ ಮಂಡಕ್ಕಿ ಹಾಕುವುದೇ ಭಕ್ತಿ. ಮರಳಿನ ಮೇಲೆ ಸೀರೆಯ ನೆರಿಗೆ ಎತ್ತಿಹಿಡಿದು ಮೊಣಕಾಲವರೆಗಿನ ನೀರಿನಲ್ಲಿ ನಿಂತಿದ್ದ ಅವಳ ಕಾಲ ಬಳಿಯೇ ಪಟ್ಟೆಪಟ್ಟೆಯ ಮೀನುಗಳು ಸುಳಿದಾಡುತ್ತಿದ್ದವು. "ಶಿಶಿಲದ್ದಾದರೆ ದೇವರ ಮೀನು," ಅಂದಳು. "ಇದು ಯಾರ ಮೀನು ಮಾರಾಯ್ತಿ?"

ಸರಕಾರದ್ದು ಎಂದೆ. ಆ ಉತ್ತರ ಅವಳಿಗೂ ಒಪ್ಪಿಗೆಯಾಗಲಿಲ್ಲ, ನನಗೂ ಆಗಲಿಲ್ಲ.

ದೇವರ ಹೆಸರಿನ ಕಾವಲನ್ನು ನಾನು ಹಗುರವಾಗಿ ಕಾಣುವವಳಲ್ಲ. ಅರಣ್ಯ ಇಲಾಖೆ ಹುಟ್ಟುವ ಮುನ್ನ ಎಷ್ಟೋ ಕಾಡನ್ನು ಉಳಿಸಿದ್ದು ದೇವರಕಾಡೆಂಬ ಹೆಸರೇ. ಆದರೆ ಆ ಕಾವಲಿಗೂ ಮಿತಿಯಿದೆ. 1996ರಲ್ಲಿ ಅದೇ ಶಿಶಿಲದಲ್ಲಿ ಯಾರೋ ನದಿಗೆ ವಿಷ ಹಾಕಿ ಸಾವಿರಾರು ಮೀನುಗಳು ಸತ್ತವು. ಅವುಗಳ ನೆನಪಿಗೆ ಊರವರು ಸ್ಮಾರಕ ಕಟ್ಟಿದ್ದಾರೆ. ಜೊತೆಗೆ, ದೇವರ ಹೆಸರಿನಲ್ಲಿ ಹಾಕಿದ ಗೆರೆ ಮೀನನ್ನು ಮಾತ್ರ ಕಾಯ್ದದ್ದಲ್ಲ, ಯಾವ ಮನುಷ್ಯ ಯಾವ ನೀರನ್ನು ಮುಟ್ಟಬಾರದೆಂಬುದನ್ನೂ ಕಾಯ್ದಿತ್ತು.

ಇಲ್ಲಿಯೇ ಹವಾಯಿಯ ಚರಿತ್ರೆ ನಮ್ಮ ಚರಿತ್ರೆಗೆ ಬಹಳ ಹತ್ತಿರ ಬರುತ್ತದೆ. ಹವಾಯಿ ಭಾಷೆಯಲ್ಲಿ ನಿಷೇಧಕ್ಕೆ, ಪವಿತ್ರವಾದುದಕ್ಕೆ 'ಕಪು' ಎಂಬ ಒಂದೇ ಪದ. ಇಂಗ್ಲಿಷಿಗೆ 'ಟ್ಯಾಬೂ' ಆಗಿ ಹೋದ ಟೊಂಗಾದ ಪದ ಇದರ ಸೋದರ. (ನಮ್ಮ 'ಕಾಪು', ಎಂದರೆ ರಕ್ಷಣೆ, ಎಂಬ ಪದದೊಂದಿಗಿನ ಹೋಲಿಕೆ ಕೇವಲ ಆಕಸ್ಮಿಕ, ಆದರೂ ಕೊಲ್ಲಿಯ ದಂಡೆಯಲ್ಲಿ ನಿಂತವಳಿಗೆ ಅದು ನೆನಪಾಗದೆ ಇರಲಿಲ್ಲ.) ಮೀನು ಮೊಟ್ಟೆಯಿಡುವ ಕಾಲದಲ್ಲಿ ಅದನ್ನು ಹಿಡಿಯಬಾರದೆಂಬುದು ಕಪು. ಅಷ್ಟೇ ಆಗಿದ್ದರೆ ಅದನ್ನು ಪುರಾತನ ಪರಿಸರಪ್ರಜ್ಞೆಯೆಂದು ಕೊಂಡಾಡಿ ಮುಗಿಸಬಹುದಿತ್ತು. ನಮ್ಮಲ್ಲಿ ಅನೇಕರು ಹಾಗೆಯೇ ಬರೆಯುತ್ತಾರೆ. ಆದರೆ ಹೆಣ್ಣುಮಕ್ಕಳು ಗಂಡಸರ ಜೊತೆ ಕುಳಿತು ಉಣ್ಣಬಾರದೆಂಬುದೂ ಕಪು. ಅವರು ಬಾಳೆಹಣ್ಣು, ತೆಂಗು, ಹಂದಿಮಾಂಸ ತಿನ್ನಬಾರದೆಂಬುದೂ ಕಪು. ಸಾಮಾನ್ಯನ ನೆರಳು ದೊಡ್ಡ ಅರಸನ ಮೇಲೆ ಬಿದ್ದರೆ ಮರಣದಂಡನೆ. ಎಲ್ಲರಿಗಿಂತ ಕೆಳಗೆ 'ಕೌವಾ' ಎಂಬ ಬಹಿಷ್ಕೃತ ವರ್ಗ. ನೆರಳಿನ ಮಡಿಯ ಕಥೆಯನ್ನು ಭಾರತೀಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1819ರಲ್ಲಿ ಮೊದಲನೆಯ ಕಮೆಹಮೆಹ ತೀರಿಕೊಂಡ ಮೇಲೆ ಅವನ ವಿಧವೆ ರಾಣಿ ಕಾಹುಮಾನುವಿನ ಒತ್ತಾಯಕ್ಕೆ ಮಣಿದು ಹೊಸ ಅರಸ ಲಿಹೊಲಿಹೊ ಎಲ್ಲರೆದುರಿಗೆ ಹೆಂಗಸರ ಪಂಕ್ತಿಯಲ್ಲಿ ಕುಳಿತು ಉಂಡ. ಆ ಒಂದು ಊಟದಿಂದ ಇಡೀ ಕಪು ವ್ಯವಸ್ಥೆ ಕುಸಿಯಿತು. ಸಹಭೋಜನಕ್ಕೆ ಎಂಥ ಶಕ್ತಿಯಿದೆಯೆಂಬುದು ಶರಣರ ನಾಡಿನವರಿಗೆ ಗೊತ್ತು. ಮೊದಲ ಕ್ರೈಸ್ತ ಮಿಷನರಿಗಳು ಬಂದಿಳಿದದ್ದು ಅದರ ಮರುವರ್ಷ. ಎಂದರೆ ಹವಾಯಿಯನ್ನರು ತಮ್ಮ ಜಾತಿಪದ್ಧತಿಯನ್ನು ತಾವೇ ಮುರಿದುಕೊಂಡರು. ಹೊರಗಿನವರು ಬಂದು ಉದ್ಧರಿಸಿದ್ದಲ್ಲ.

ನಮ್ಮಂಥ ಓದುಗರಿಗೆ ಇಲ್ಲೊಂದು ಇಕ್ಕಟ್ಟಿದೆ. 1927ರಲ್ಲಿ ಅಂಬೇಡ್ಕರ್ ಮಹಾಡದ ಚವದಾರ್ ಕೆರೆಯ ನೀರನ್ನು ಮುಟ್ಟಿದ ನೆನಪನ್ನು ಎದೆಯಲ್ಲಿಟ್ಟುಕೊಂಡವರಿಗೆ ನೀರಿಗೆ ಹಾಕಿದ ಯಾವ ಬೇಲಿಯೂ ಅನುಮಾನಾಸ್ಪದವೇ. ಅದು ಸರಿಯಾದ ಅನುಮಾನ. ಆದರೆ ಸಾಲಿನಲ್ಲಿದ್ದ ಆ ಯಜಮಾನರು ಎತ್ತಿದ್ದು ಆ ಪ್ರಶ್ನೆಯನ್ನಲ್ಲ. ಮಹಾಡದಲ್ಲಿ ದನಕರು ಕುಡಿಯಬಹುದಾಗಿದ್ದ ನೀರನ್ನು ಮನುಷ್ಯರಲ್ಲಿ ಕೆಲವರು ಹುಟ್ಟಿನ ಕಾರಣಕ್ಕೆ ಕುಡಿಯುವಂತಿರಲಿಲ್ಲ. ಹನೌಮದಲ್ಲಿ ಎಣಿಸುತ್ತಿರುವುದು ತಲೆಗಳನ್ನು, ಹುಟ್ಟನ್ನಲ್ಲ. ಮಹಾಮಾರಿಗೆ ಮುಂಚೆ ದಿನಕ್ಕೆ ಸುಮಾರು 3,000 ಜನ ಇಳಿಯುತ್ತಿದ್ದರು. 2020ರಲ್ಲಿ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಕೊಲ್ಲಿ ಮುಚ್ಚಿತ್ತು. ಆ ತಿಂಗಳುಗಳಲ್ಲಿ ಹವಾಯಿ ಸಾಗರಜೀವಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಅಳೆದು ನೋಡಿದರು: ನೀರು ತಿಳಿಯಾಗಿತ್ತು, ದೂರ ಸರಿದಿದ್ದ ದೊಡ್ಡ ಮೀನುಗಳು ದಂಡೆಯ ಹತ್ತಿರಕ್ಕೆ ಮರಳಿದ್ದವು. ಮತ್ತೆ ತೆರೆದಾಗ ಸಂಖ್ಯೆಯನ್ನು ಮೊದಲಿನ ಅರ್ಧಕ್ಕಿಂತಲೂ ಕೆಳಗಿಳಿಸಿದರು. ವಾರದಲ್ಲಿ ಎರಡು ದಿನ, ಸೋಮವಾರ ಮತ್ತು ಮಂಗಳವಾರ, ಮೀನುಗಳಿಗೆ ಪೂರ್ತಿ ರಜೆ. ಈ ಮಿತಿಯನ್ನು ನಾನು ಮನಸಾರೆ ಬೆಂಬಲಿಸುತ್ತೇನೆ.

ಬೆಲೆಯನ್ನು ಹಾಗೆ ಬೆಂಬಲಿಸಲಾರೆ. ಏಳೂವರೆ ಡಾಲರ್ ಇದ್ದದ್ದು ಮೊದಲು 12 ಆಯಿತು, 2021ರಲ್ಲಿ 25 ಆಯಿತು. ಹಣ ಕೊಲ್ಲಿಗೆಂದೇ ಮೀಸಲಾದ ನಿಧಿಗೆ ಹೋಗುತ್ತದೆ, ನಿಜ. ಆದರೆ 25 ಡಾಲರಿಗೂ ಟಿಕೆಟುಗಳು ನಿಮಿಷಗಳಲ್ಲಿ ಮುಗಿಯುತ್ತವೆಂದರೆ ಜನರನ್ನು ತಡೆಯುತ್ತಿರುವುದು ಬೆಲೆಯಲ್ಲ, ಸಂಖ್ಯೆಯ ಮಿತಿ. ಬೆಲೆ ಮಾಡುವ ಕೆಲಸ ಬೇರೆ: ಒಳಗೆ ಹೋಗುವ ಆ ಸಾವಿರ ಚಿಲ್ಲರೆ ಜನ ಯಾರೆಂಬುದನ್ನು ಅದು ಆರಿಸುತ್ತದೆ. ದ್ವೀಪಕ್ಕೆ ಹಾರಿಬರುವ ಸಾಫ್ಟ್‌ವೇರ್ ಕುಟುಂಬಕ್ಕೆ ನೂರು ಡಾಲರ್ ಒಂದು ರಾತ್ರಿಯ ಊಟ. ವರ್ಷಗಟ್ಟಲೆ ಉಳಿಸಿ ಒಮ್ಮೆ ಬಂದ ಹೋಟೆಲ್ ಕೆಲಸದಾಕೆಗೆ ಹಾಗಲ್ಲ. ಸಂಖ್ಯೆಯನ್ನು ಹಾಗೆಯೇ ಇಟ್ಟು, ಒಂದಷ್ಟು ಜಾಗವನ್ನಾದರೂ ಕಡಿಮೆ ಶುಲ್ಕಕ್ಕೆ ಚೀಟಿ ಎತ್ತಿ ಹಂಚಬಹುದು. ಬೆರಳಿನ ವೇಗಕ್ಕಿಂತ, ಜೇಬಿನ ಭಾರಕ್ಕಿಂತ ಅದೃಷ್ಟ ಹೆಚ್ಚು ಸಮತಾವಾದಿ.

ಇನ್ನೂ ಆಳದ ಅಸಮಾಧಾನವೊಂದಿದೆ. 'ಇಲ್ಲಿಯವರು' ಎಂದರೆ ಯಾರು? ನಿಯಮದ ಪ್ರಕಾರ ಹವಾಯಿಯ ಗುರುತಿನ ಚೀಟಿ ಇರುವವರೆಲ್ಲ. ಆ ಸಾಲಿನಲ್ಲಿ ಕಳೆದ ವರ್ಷ ಮನೆ ಕೊಂಡು ಬಂದ ಹಣವಂತರಿದ್ದಾರೆ. ಆದರೆ 2020ರ ಜನಗಣತಿಯ ಪ್ರಕಾರ ಮೂಲ ಹವಾಯಿಯನ್ನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹವಾಯಿಯ ಹೊರಗಿದ್ದಾರೆ; ಮನೆಬಾಡಿಗೆ ಭರಿಸಲಾರದೆ ಲಾಸ್ ವೇಗಾಸ್‌ನಂಥ ಊರು ಸೇರಿದವರು ಅದೆಷ್ಟೋ. ಅವರಲ್ಲೊಬ್ಬಳು ತನ್ನ ಅಜ್ಜಿ ಈಜಿದ ಕೊಲ್ಲಿಯನ್ನು ಮಕ್ಕಳಿಗೆ ತೋರಿಸಲು ಬಂದರೆ ನನ್ನ ಹಾಗೆಯೇ 25 ಡಾಲರ್ ಕೊಡಬೇಕು. 1893ರಲ್ಲಿ ರಾಣಿ ಲಿಲಿಯೂಕಲಾನಿಯನ್ನು ಪದಚ್ಯುತಗೊಳಿಸಿ, 1898ರಲ್ಲಿ ದ್ವೀಪಗಳನ್ನು ಸೇರಿಸಿಕೊಂಡು, 1993ರಲ್ಲಿ ಕ್ಷಮೆ ಕೇಳಿದ ಸರಕಾರದ ನಾಡಿನಲ್ಲಿ ಇದೊಂದು ಸಣ್ಣ ವಿವರವಷ್ಟೇ. ಅರಮನೆಯಲ್ಲಿಯೇ ಸೆರೆಯಲ್ಲಿದ್ದ ಆ ರಾಣಿ ಇಂಗ್ಲಿಷಿಗೆ ತಂದ 'ಕುಮುಲಿಪೊ' ಎಂಬ ಸೃಷ್ಟಿಕಾವ್ಯದಲ್ಲಿ ಮೊಟ್ಟಮೊದಲು ಹುಟ್ಟುವ ಜೀವಿ ಹವಳ. ಮನುಷ್ಯ ಬಹಳ ತಡವಾಗಿ ಬರುವ ಕಿರಿಯ. ಆ ಒಂಬತ್ತು ನಿಮಿಷದ ಚಿತ್ರ ನೋಡುವಾಗ ನನಗೆ ಇದೇ ನೆನಪಿನಲ್ಲಿ ಸುಳಿಯುತ್ತಿತ್ತು.

ಕೊಲ್ಲಿಯೊಂದಕ್ಕೆ ಶಿಸ್ತು, ಉಳಿದ ದ್ವೀಪಕ್ಕೆ ಸ್ವೇಚ್ಛೆ ಎಂಬಂತಿದೆ ಏರ್ಪಾಡು. ಸುಮಾರು 14 ಲಕ್ಷ ಜನರ ರಾಜ್ಯಕ್ಕೆ 2019ರಲ್ಲಿ ಒಂದು ಕೋಟಿಗೂ ಹೆಚ್ಚು ಪ್ರವಾಸಿಗರು ಬಂದರು. 2021ರಲ್ಲಿ ನೌಕಾಪಡೆಯ ರೆಡ್ ಹಿಲ್ ಇಂಧನ ತೊಟ್ಟಿಗಳ ಸೋರಿಕೆ ಕುಡಿಯುವ ನೀರಿಗೆ ಸೇರಿತು. ಬಳಿಕ ನೀರನ್ನು ಮಿತವಾಗಿ ಬಳಸಿರೆಂದು ಹೊನೊಲುಲುವಿನ ನಿವಾಸಿಗಳಿಗೆ ಹೇಳಿದಾಗ ಹೋಟೆಲುಗಳ ಈಜುಕೊಳಗಳು ತುಂಬಿಯೇ ಇದ್ದವು. ಅದೇ ನೌಕಾಪಡೆ ಕಹೋಲಾವೆ ಎಂಬ ದ್ವೀಪವನ್ನು 1990ರವರೆಗೆ ಬಾಂಬಿನ ಗುರಿಯಾಗಿ ಬಳಸಿತ್ತು. ಅದನ್ನು ಓದಿದಾಗ ನನಗೆ ಮುರ್ಡೇಶ್ವರದಾಚೆಯ ನೇತ್ರಾಣಿ ನೆನಪಾಯಿತು. ಕರ್ನಾಟಕದ ಹವಳವಿರುವ ಆ ಪುಟ್ಟ ದ್ವೀಪದ ಮೇಲೆ ನಮ್ಮ ನೌಕಾಪಡೆಯೂ ಗುರಿ ಅಭ್ಯಾಸ ನಡೆಸಿದೆ. ಇಂದು ಅಲ್ಲಿ ಸ್ಕೂಬಾ ದೋಣಿಗಳು ಓಡಾಡುತ್ತವೆ. ನಾಳೆ ಅಲ್ಲಿಗೂ ಮಿತಿ ಬೇಕಾಗುತ್ತದೆ. ಅದನ್ನು ಗೊತ್ತುಮಾಡುವ ಕೋಣೆಯಲ್ಲಿ ಭಟ್ಕಳದ ಮೀನುಗಾರರಿಗೆ ಕುರ್ಚಿ ಇರುತ್ತದೆಯೇ, ಇಲ್ಲ ಅವರನ್ನೂ ಒಂಬತ್ತು ನಿಮಿಷದ ಚಿತ್ರದೆದುರು ಕೂರಿಸುತ್ತೇವೆಯೇ?

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ನೀರಿಗಿಳಿದ ಅರ್ಧ ಗಂಟೆಗೆ ನನ್ನ ಮಾಸ್ಕಿನೊಳಗೆ ನೀರು ನುಗ್ಗಿತು. ಗಾಬರಿಯಲ್ಲಿ ಕಾಲಿಗೆ ಸಿಕ್ಕಿದ್ದರ ಮೇಲೆ ನಿಂತುಬಿಟ್ಟೆ. ಪಾದದಡಿ ಏನೋ ಲಟಕ್ಕೆಂದಿತು. ದಂಡೆಯ ಹತ್ತಿರದ ಹವಳ ದಶಕಗಳ ತುಳಿತಕ್ಕೆ ಬಹುಪಾಲು ಸತ್ತಿದೆ, ಜೀವಂತವಾದದ್ದು ಹೆಚ್ಚಾಗಿ ದಿಬ್ಬದಾಚೆಗಿದೆ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ. ಆದರೆ ನಾನು ಮುರಿದದ್ದು ಸತ್ತದ್ದೋ ಬದುಕಿದ್ದೋ ನನಗೆ ತಿಳಿಯದು. ಬದುಕಿದ್ದಾದರೆ ಅದು ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಬೆಳೆದಿರುತ್ತದೆ. ಚಿತ್ರವನ್ನು ಶ್ರದ್ಧೆಯಿಂದ ನೋಡಿದವಳು ನಾನು, ಗೊಣಗಿದವರು ಅವರು. ಆ ಯಜಮಾನರು ಮಗನ ಕೈಹಿಡಿದು ಯಾರಿಗೂ ಏನೂ ತೊಂದರೆಯಾಗದಂತೆ ಮರಳಿನ ಅಂಚಿನಲ್ಲೇ ತೇಲುತ್ತಿದ್ದರು. ಇನ್ನು ಐದು ಗಂಟೆಯ ವಿಮಾನದಲ್ಲಿ ಬಂದು ನಾವು ಸುರಿದ ಹೊಗೆಯನ್ನು ಹವಳಕ್ಕೆ ಹಾನಿಯಿಲ್ಲವೆಂದು ಬರೆದಿರುವ ಯಾವ ಸನ್‌ಸ್ಕ್ರೀನೂ ಒರೆಸಲಾರದು.

ಮಗಳು ಗಿಣಿಮೀನೊಂದು ಬಂಡೆಯನ್ನು ಕಚ್ಚುವ ಸದ್ದನ್ನು ನೀರಿನೊಳಗೆ ಕೇಳಿಸಿಕೊಂಡು ಬಂದಿದ್ದಳು. ನಾವು ಮಲಗುವ ಬಿಳಿ ಮರಳಿನ ದೊಡ್ಡ ಪಾಲು ಆ ಮೀನಿನ ಹೊಟ್ಟೆಯನ್ನು ಹಾದು ಬಂದದ್ದೆಂದು ಅಜ್ಜಿಗೆ ವಿವರಿಸಿದಳು. ಅಜ್ಜಿ ತಕ್ಷಣ ಕೂತಲ್ಲಿಂದ ಎದ್ದು ಸೀರೆ ಕೊಡವಿಕೊಂಡಳು.

ಮರಳುವಾಗ ಏರು ದಾರಿಯ ಅರ್ಧದಲ್ಲಿ ಅಮ್ಮ ಏದುಸಿರು ಬಿಡುತ್ತ ಕಲ್ಲಿನ ಕಟ್ಟೆಯ ಮೇಲೆ ಕುಳಿತಳು. ಚೀಲದಿಂದ ಮಂಡಕ್ಕಿಯ ಪೊಟ್ಟಣ ತೆಗೆದಳು. ಊರಿನಿಂದ ತಂದದ್ದು, ಬೆಳಿಗ್ಗೆ ಅದನ್ನು ಚೀಲಕ್ಕೆ ಹಾಕಿಕೊಂಡದ್ದು ನಮಗಾಗಿ ಅಲ್ಲವೆಂದು ಆಗ ಹೊಳೆಯಿತು. ಮೂವರೂ ತಿಂದೆವು. ಸಣ್ಣ ಪಾರಿವಾಳದಂಥ ಎರಡು ಹಕ್ಕಿಗಳು ಕಾಲ ಬುಡಕ್ಕೇ ಬಂದು ಕತ್ತು ಓರೆ ಮಾಡಿ ನಿಂತವು. ಅಮ್ಮ ಒಂದು ಹಿಡಿ ತುಂಬಿಕೊಂಡು ನನ್ನ ಮುಖ ನೋಡಿದಳು, ಎದುರಿಗಿದ್ದ ಫಲಕವನ್ನು ನೋಡಿದಳು, ಮತ್ತೆ ಆ ಹಿಡಿಯನ್ನು ಪೊಟ್ಟಣಕ್ಕೆ ಸುರಿದು ಬಾಯಿ ಕಟ್ಟಿದಳು.