ಗೆದ್ದ ಕಪ್ಪಿಗೆ ಲೆಕ್ಕ ಕೇಳಬಾರದೇ?

ಭತ್ತದ ಕೊಯ್ಲು ಮುಗಿದು ಗದ್ದೆಗಳು ಒಣಗಿದೊಡನೆ ನಮ್ಮ ಕರಾವಳಿಯಲ್ಲಿ ಪಂದ್ಯಾಟಗಳ ಕಾಲ ಆರಂಭವಾಗುತ್ತದೆ. ಕಾಪುವಿನ ಕಡಲ ಬದಿಯಿಂದ ಕಾರ್ಕಳದ ಗುಡ್ಡಗಳ ಬುಡದವರೆಗೆ ಎಲ್ಲಿ ನೋಡಿದರೂ ಫ್ಲೆಕ್ಸ್ ಬ್ಯಾನರುಗಳು, ಹೊನಲು ಬೆಳಕಿನ ಪಂದ್ಯಗಳು, ನಡುರಾತ್ರಿಯವರೆಗೆ ಧ್ವನಿವರ್ಧಕದ ವೀಕ್ಷಕ ವಿವರಣೆ. ಅಂಡರ್‌ಆರ್ಮ್ ಕ್ರಿಕೆಟ್, ವಾಲಿಬಾಲ್, ಕಬಡ್ಡಿ, ಹಗ್ಗಜಗ್ಗಾಟ ಎಲ್ಲವೂ ಉಂಟು. ಇತ್ತ ಮಣಿಪಾಲದಲ್ಲಿ ಬಾರ್ಸಿಲೋನಾ, ಯುವೆಂಟಸ್ ಎಂದು ಬರೆದ ಅಂಗಿ ತೊಟ್ಟ ವಿದ್ಯಾರ್ಥಿಗಳು ಸಾವಿರಾರು ಮೈಲಿ ದೂರದ ತಂಡಗಳಿಗಾಗಿ ನಿದ್ದೆಗೆಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆಟ ದೇವರು ಕೊಟ್ಟ ಸಂತೋಷಗಳಲ್ಲೊಂದು. ಸಂತ ಪೌಲರೇ ವಿಶ್ವಾಸದ ಬದುಕನ್ನು ವಿವರಿಸಲು ಓಟದ ಕಣವನ್ನು ನೆನೆದವರು.

ಆದರೆ ಒಂದು ಸಂಗತಿ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಆಟಗಾರರ ಖರೀದಿಯಲ್ಲಿ ಅಥವಾ ಆಟದ ಫಲಿತಾಂಶದಲ್ಲಿ ಮೋಸ ನಡೆದಿದೆಯೆಂದು ತನಿಖೆ ಆರಂಭವಾದಾಗ ಅಭಿಮಾನಿಗಳ ಸಿಟ್ಟು ಯಾರ ಮೇಲೆ ತಿರುಗುತ್ತದೆ? ಮೋಸ ಮಾಡಿದವರ ಮೇಲೆ ತಿರುಗಬೇಕಾಗಿತ್ತು. ಹೆಚ್ಚಾಗಿ ಅದು ತನಿಖೆ ಮಾಡಿದವರ ಮೇಲೆ ತಿರುಗುತ್ತದೆ.

ಇಟಲಿಯ ಯುವೆಂಟಸ್ ಕ್ಲಬ್ಬಿನ ಪ್ರಕರಣವನ್ನೇ ನೋಡೋಣ. ಆಟಗಾರರ ವರ್ಗಾವಣೆಯ ಲೆಕ್ಕದಲ್ಲಿ ಕೃತಕ ಲಾಭ ತೋರಿಸಿದ ಆರೋಪದ ಮೇಲೆ 2023ರ ಜನವರಿಯಲ್ಲಿ ಇಟಲಿಯ ಫುಟ್‌ಬಾಲ್ ನ್ಯಾಯಮಂಡಳಿ ಆ ಕ್ಲಬ್ಬಿನ 15 ಅಂಕಗಳನ್ನು ಕಡಿತಗೊಳಿಸಿತು. ಏಪ್ರಿಲ್‌ನಲ್ಲಿ ಆ ಅಂಕಗಳು ಮರಳಿ ದೊರೆತವು. ಮರುವಿಚಾರಣೆಯ ಬಳಿಕ ಮೇ ತಿಂಗಳಲ್ಲಿ 10 ಅಂಕಗಳ ಕಡಿತವಾಯಿತು. ಆರೋಪದ ಒಳಮರ್ಮ ನಮ್ಮ ಹಳ್ಳಿಯವರಿಗೂ ಸುಲಭವಾಗಿ ಅರ್ಥವಾಗುವಂಥದ್ದು. ಇಬ್ಬರು ನೆರೆಯವರು ತಮ್ಮ ಕೋಣಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ ಎನ್ನಿ. ಒಂದೊಂದರ ನಿಜವಾದ ಬೆಲೆ ಐವತ್ತು ಸಾವಿರ. ಇಬ್ಬರೂ ಪುಸ್ತಕದಲ್ಲಿ ಐದು ಲಕ್ಷವೆಂದು ಬರೆದುಕೊಳ್ಳುತ್ತಾರೆ. ಹಣ ಕೈ ಬದಲಾಗಿಲ್ಲ, ಆದರೂ ಇಬ್ಬರ ಲೆಕ್ಕದಲ್ಲಿಯೂ ಲಾಭ ಕಾಣುತ್ತದೆ. ಆ ಪುಸ್ತಕ ನೋಡಿ ಸಾಲ ಕೊಟ್ಟವನು, ಪಾಲು ಕೊಂಡವನು ಮೋಸ ಹೋಗುತ್ತಾನೆ. ಪ್ರಾಮಾಣಿಕವಾಗಿ ಲೆಕ್ಕ ಬರೆದ ಮೂರನೆಯ ನೆರೆಯವನು ಬಡವನಂತೆ ಕಾಣುತ್ತಾನೆ.

ಇದು ಹೊರಬಿದ್ದಾಗ ಯುವೆಂಟಸ್ ಅಭಿಮಾನಿಗಳಲ್ಲಿ ಬಹಳಷ್ಟು ಮಂದಿ ಪಂದ್ಯಗಳನ್ನು ಪ್ರಸಾರ ಮಾಡುವ ವಾಹಿನಿಗಳ ಚಂದಾವನ್ನು ರದ್ದುಪಡಿಸುವ ಚಳವಳಿಗೆ ಇಳಿದರು. ಅವರ ಪ್ರಶ್ನೆ ಒಂದೇ: ‘ನಮಗೊಬ್ಬರಿಗೇ ಯಾಕೆ ಶಿಕ್ಷೆ?’ ಅದೇ ಪ್ರಕರಣದಲ್ಲಿ ಆರೋಪ ಎದುರಿಸಿದ ಬೇರೆ ಕ್ಲಬ್ಬುಗಳು ಖುಲಾಸೆಯಾದದ್ದು ನಿಜ, ಆದ್ದರಿಂದ ಆ ಪ್ರಶ್ನೆಯನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಆದರೆ ಅದರ ಜೊತೆಗೆ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆ ಇತ್ತು: ‘ನಮ್ಮ ಹೆಸರಿನಲ್ಲಿ ಅವರು ಮಾಡಿದ್ದೇನು?’ ಆ ಕೂಗಿನ ನಡುವೆ ಈ ಪ್ರಶ್ನೆ ಅಡಗಿಹೋಯಿತು.

ಈ ಎರಡನೆಯ ಪ್ರಶ್ನೆಯನ್ನು ಕೇಳಿದವರು ಇಲ್ಲದಿಲ್ಲ. ಬಾರ್ಸಿಲೋನಾ ಕ್ಲಬ್ 2013ರಲ್ಲಿ ಬ್ರೆಜಿಲಿನ ನೇಮಾರ್ ಅವರನ್ನು ಕರೆತಂದಾಗ 5 ಕೋಟಿ 71 ಲಕ್ಷ ಯೂರೋ ಕೊಟ್ಟಿರುವುದಾಗಿ ಪ್ರಕಟಿಸಿತು. ಆ ಮೊತ್ತದಲ್ಲಿ ಎಷ್ಟು ಹಣ ಯಾರಿಗೆ ಸಂದಿತೆಂದು ಲೆಕ್ಕ ಕೇಳಿ ನ್ಯಾಯಾಲಯಕ್ಕೆ ಹೋದವನು ಎದುರಾಳಿ ತಂಡದ ಬೆಂಬಲಿಗನಲ್ಲ, ಅದೇ ಕ್ಲಬ್ಬಿನ ಒಬ್ಬ ಸಾಮಾನ್ಯ ಸದಸ್ಯ. ಒಪ್ಪಂದದ ಒಟ್ಟು ವೆಚ್ಚ ಪ್ರಕಟಿಸಿದ್ದಕ್ಕಿಂತ ಬಹಳ ಹೆಚ್ಚೆಂದು ಹೊರಬಂತು. 2014ರ ಜನವರಿಯಲ್ಲಿ ಕ್ಲಬ್ಬಿನ ಅಧ್ಯಕ್ಷರು ರಾಜೀನಾಮೆ ಇತ್ತರು. 2016ರಲ್ಲಿ ತೆರಿಗೆ ವಿಷಯದಲ್ಲಿ ಕ್ಲಬ್ 55 ಲಕ್ಷ ಯೂರೋ ದಂಡ ತೆರಲು ಒಪ್ಪಿತು. ಇದೇ ವರ್ಗಾವಣೆಗೆ ಸಂಬಂಧಿಸಿದ ಮತ್ತೊಂದು ಮೊಕದ್ದಮೆಯಲ್ಲಿ ಆಟಗಾರ ಹಾಗೂ ಇತರ ಆರೋಪಿಗಳು 2022ರಲ್ಲಿ ಖುಲಾಸೆಯಾದರೆಂಬುದನ್ನೂ ನ್ಯಾಯವಾಗಿ ಹೇಳಬೇಕು. ನಾನು ಮೆಚ್ಚುವುದು ಲೆಕ್ಕ ಕೇಳಿದ ಆ ಸದಸ್ಯನನ್ನು. ತನ್ನ ತಂಡವನ್ನು ಪ್ರೀತಿಸುವವನೇ ಅದರ ಲೆಕ್ಕವನ್ನೂ ಕೇಳಬೇಕೆಂದು ಅವನು ತೋರಿಸಿಕೊಟ್ಟ.

ಇವೆಲ್ಲ ಪರದೇಶದ ಮಾತಾಯಿತು ಎನ್ನುವವರಿಗೆ ನಮ್ಮ ರಾಜ್ಯದ ಪ್ರಕರಣವನ್ನು ನೆನಪಿಸುತ್ತೇನೆ. 2009ರಲ್ಲಿ ಆರಂಭಗೊಂಡ ಕರ್ನಾಟಕ ಪ್ರೀಮಿಯರ್ ಲೀಗ್ 2019ರ ಆವೃತ್ತಿಯೊಂದಿಗೆ ನಿಂತುಹೋಯಿತು. ಆ ವರ್ಷ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು ತಂಡವೊಂದರ ಮಾಲೀಕರನ್ನೂ ಹಲವು ಆಟಗಾರರನ್ನೂ ಬಂಧಿಸಿದರು. ಬಳ್ಳಾರಿ ಟಸ್ಕರ್ಸ್ ಮತ್ತು ಹುಬ್ಬಳ್ಳಿ ಟೈಗರ್ಸ್ ನಡುವಿನ ಅಂತಿಮ ಪಂದ್ಯದಲ್ಲಿ ಹಣ ಪಡೆದು ಬೇಕೆಂದೇ ನಿಧಾನವಾಗಿ ಬ್ಯಾಟ್ ಮಾಡಲಾಯಿತೆಂಬುದು ಆರೋಪಗಳಲ್ಲೊಂದು. 2022ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಕೆಲವರ ಮೇಲಿನ ಮೊಕದ್ದಮೆಯನ್ನು ರದ್ದುಪಡಿಸಿತು. ಆರೋಪ ನಿಜವೋ ಸುಳ್ಳೋ ಎಂಬುದು ಅಲ್ಲಿ ತೀರ್ಮಾನವಾಗಲಿಲ್ಲ. ಆಟವನ್ನು ಮೊದಲೇ ನಿಗದಿಪಡಿಸಿದರೆ ಕ್ರೀಡಾಪ್ರೇಮಿಗಳಿಗೆ ಮೋಸವಾಯಿತೆಂಬ ಸಾಮಾನ್ಯ ಭಾವನೆ ಮೂಡಬಹುದು. ಆದರೆ ಟಿಕೆಟು ಕೊಂಡವರು ತಾವಾಗಿಯೇ ಕೊಂಡವರಾದ್ದರಿಂದ ಭಾರತೀಯ ದಂಡ ಸಂಹಿತೆಯ 420ನೆಯ ಕಲಮಿನ ವಂಚನೆ ಅದಾಗದು ಎಂಬುದು ತೀರ್ಪಿನ ಸಾರ. ಶಿಸ್ತುಕ್ರಮ ಕ್ರಿಕೆಟ್ ಮಂಡಳಿಗೆ ಬಿಟ್ಟ ವಿಷಯವೆಂದಿತು. ಇದರ ವಿರುದ್ಧ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿತು.

ನ್ಯಾಯಾಲಯ ಕಾನೂನಿನ ಅಕ್ಷರವನ್ನು ಓದಬೇಕು, ಅದು ಅದರ ಧರ್ಮ. ಆದರೆ ಕ್ರೈಸ್ತ ಕುಟುಂಬಗಳು ತಮ್ಮ ಮನಸ್ಸಾಕ್ಷಿಯನ್ನು ದಂಡ ಸಂಹಿತೆಯ ಕಲಮಿಗೆ ಒಪ್ಪಿಸಿ ಸುಮ್ಮನಿರುವಂತಿಲ್ಲ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತನ್ನ 2413ನೆಯ ಪರಿಚ್ಛೇದದಲ್ಲಿ ಪಂಥದ ಆಟಗಳನ್ನು ಕುರಿತು ಹೇಳುತ್ತದೆ. ಅಲ್ಲಿ ನಡೆಯುವ ಮೋಸ ಗಂಭೀರವಾದ ವಿಷಯವೆಂದೂ, ಹಾನಿ ತೀರ ಅಲ್ಪವಾಗಿದ್ದರೆ ಮಾತ್ರ ಹಾಗಲ್ಲವೆಂದೂ ಅದರ ಬೋಧನೆ. ಕ್ರೀಡೆಯನ್ನು ಕುರಿತು ವ್ಯಾಟಿಕನ್ 2018ರ ಜೂನ್ ತಿಂಗಳಲ್ಲಿ ಹೊರಡಿಸಿದ ದಾಖಲೆಯೂ ಭ್ರಷ್ಟಾಚಾರವನ್ನು ಕ್ರೀಡೆಯ ದೊಡ್ಡ ಅಪಾಯಗಳಲ್ಲಿ ಎಣಿಸಿದೆ. ಆಟಗಾರರನ್ನಷ್ಟೇ ಎಚ್ಚರಿಸದೆ ಪ್ರೇಕ್ಷಕರ ಹೊಣೆಯನ್ನೂ ಅದು ನೆನಪಿಸಿದೆ.

ಪ್ರೇಕ್ಷಕರ ಹೊಣೆಯನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಅದನ್ನು ನಾಚಿಕೆಯಿಂದ ಹೇಳಿಕೊಳ್ಳಬೇಕಾಗಿದೆ.

ಹಲವು ವರ್ಷಗಳ ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಒಂದು ಚರ್ಚಿನ ಯುವಕರು ವಲಯ ಮಟ್ಟದ ಕ್ರಿಕೆಟ್ ಪಂದ್ಯಾಟಕ್ಕೆ ಸಿದ್ಧರಾಗುತ್ತಿದ್ದರು. ಆಯಾ ಚರ್ಚಿನ ಸದಸ್ಯರಷ್ಟೇ ಆಡತಕ್ಕದ್ದೆಂಬುದು ನಿಯಮ. ಪಂದ್ಯಾಟದ ಮುನ್ನಾದಿನ ಸಂಜೆ ನಾಲ್ಕೈದು ಮಂದಿ ಬಂದು ಒಂದು ಪತ್ರವನ್ನು ನನ್ನ ಮುಂದಿಟ್ಟರು. ದೂರದ ಚರ್ಚಿನ ಒಬ್ಬ ಒಳ್ಳೆಯ ಬೌಲರ್ ನಮ್ಮ ವಾಳೆಯಲ್ಲಿ ವಾಸವಾಗಿದ್ದಾನೆಂದು ಅದರಲ್ಲಿ ಬರೆದಿತ್ತು. ಅವನು ಅಲ್ಲಿ ಒಂದು ರಾತ್ರಿಯೂ ಕಳೆದವನಲ್ಲವೆಂಬುದು ನನಗೆ ಗೊತ್ತಿತ್ತು. ‘ಎಲ್ಲ ಚರ್ಚಿನವರೂ ಮಾಡ್ತಾರೆ ಫಾದರ್, ಇದು ಆಟ ಅಲ್ವಾ’ ಎಂದರು. ನಾನು ಸಹಿ ಹಾಕಿದೆ. ಚರ್ಚಿನ ಮೊಹರನ್ನೂ ಒತ್ತಿದೆ.

ನಾವು ಗೆದ್ದೆವು. ಊರಿಗೆ ಊರೇ ಪಟಾಕಿ ಸಿಡಿಸಿತು. ವಾರ ಕಳೆಯುವಷ್ಟರಲ್ಲಿ ಸೋತವರು ದೂರು ಕೊಟ್ಟರು, ವಿಚಾರಣೆ ಆರಂಭವಾಯಿತು. ಜೆರ್ಸಿಗಾಗಿ ಮನೆಮನೆಯಿಂದ ಎತ್ತಿದ ಹಣದಲ್ಲಿ ಒಂದು ಪಾಲು ಆ ಬೌಲರ್‌ಗೆ ಸಂದಿತ್ತೆಂಬುದೂ ಬಯಲಾಯಿತು. ಆಗ ನಮ್ಮ ಜನರ ಸಿಟ್ಟು ಯಾರ ಮೇಲೆ? ದೂರು ಕೊಟ್ಟವರ ಮೇಲೆ. ‘ಹೊಟ್ಟೆಕಿಚ್ಚಿನವರು’ ಎಂದರು. ನಾನು ಬರೆದ ಪತ್ರಕ್ಕೆ ಅಂಟಿಕೊಂಡು ನಿಲ್ಲಬೇಕೆಂದು ಹಿರಿಯರೇ ಒತ್ತಾಯಿಸಿದರು. ಪತ್ರ ಸುಳ್ಳೆಂದು ನಾನು ವಲಯದ ಮುಂದೆ ಒಪ್ಪಿಕೊಂಡು ಕಪ್ಪನ್ನು ಹಿಂದಿರುಗಿಸಿದಾಗ ಕೆಲವು ಮನೆಯವರು ತಿಂಗಳುಗಟ್ಟಲೆ ನನ್ನೊಡನೆ ಮಾತು ಬಿಟ್ಟರು.

ಒಬ್ಬ ತಾಯಿ ಮಾತ್ರ ಪೂಜೆಯ ನಂತರ ಬಂದು ಮೆಲ್ಲನೆ ಹೇಳಿದರು: ‘ಫಾದರ್, ಆ ಬೌಲರ್ ಬಂದದ್ದರಿಂದ ಹೊರಗೆ ಕೂತವನು ನನ್ನ ಮಗ. ಇಡೀ ವರ್ಷ ಅಭ್ಯಾಸ ಮಾಡಿದ್ದ. ಅವನಿಗೆ ಆಡಲು ಬರುವುದಿಲ್ಲವೆಂದು ಬರೆದುಕೊಟ್ಟ ಹಾಗಾಯಿತಲ್ಲ ನೀವು.’ ಆ ಹುಡುಗ ಮತ್ತೆ ಯುವಜನರ ಕೂಟಕ್ಕೆ ಬರಲಿಲ್ಲ. ಪಾಪನಿವೇದನೆಯಲ್ಲಿ ನಾನು ಆ ಸಹಿಯನ್ನು ಎಂಟನೆಯ ಆಜ್ಞೆಯ ಉಲ್ಲಂಘನೆಯೆಂದೇ ಹೇಳಿಕೊಂಡೆ, ಅದು ಸುಳ್ಳುಸಾಕ್ಷಿ. ಕ್ಷಮೆ ದೊರೆಯಿತು. ಆ ಹುಡುಗ ಕಳೆದುಕೊಂಡ ದಿನವನ್ನು ಮಾತ್ರ ನಾನು ಅವನಿಗೆ ಹಿಂದಿರುಗಿಸಲಾರೆ.

ಈಗ ವಾದಗಳಿಗೆ ಬರೋಣ. ‘ಇದು ಕೇವಲ ಆಟ’ ಎನ್ನುತ್ತೀರಿ. ಕೇವಲ ಆಟವಾದರೆ ಸೋಲಬಹುದಿತ್ತಲ್ಲ? ಸುಳ್ಳು ಹೇಳಿಯಾದರೂ ಗೆಲ್ಲಲೇಬೇಕೆನ್ನುವಾಗ ಅದು ನಿಮಗೆ ಕೇವಲ ಆಟವಾಗಿ ಉಳಿದಿಲ್ಲ. ‘ಎಲ್ಲರೂ ಮಾಡುತ್ತಾರೆ’ ಎನ್ನುತ್ತೀರಿ. ಎಲ್ಲರೂ ಮಾಡುತ್ತಿದ್ದರೆ ದೂರು ಕೊಡುವವನಿಗೆ ನೀವು ಕೃತಜ್ಞರಾಗಿರಬೇಕು, ಏಕೆಂದರೆ ನಾಳೆ ಹೊರಗೆ ಕೂರುವವನು ನಿಮ್ಮ ಮಗನೇ ಆಗಬಹುದು. ‘ಮನೆಯ ಮಾತು ಬೀದಿಗೆ ಬರಬಾರದು, ಚರ್ಚಿನ ಮಾನ ಹೋಗುತ್ತದೆ’ ಎನ್ನುತ್ತೀರಿ. ಈ ಮಾತಿಗೆ ನಾನು ಅತ್ಯಂತ ಹೆಚ್ಚು ಹೆದರುತ್ತೇನೆ. ಧರ್ಮಸಭೆ ಇದೇ ಮಾತನ್ನು ನಂಬಿ ಇದಕ್ಕಿಂತ ಎಷ್ಟೋ ಘೋರವಾದ ಪಾಪಗಳನ್ನು ಮುಚ್ಚಿಟ್ಟು ಮಕ್ಕಳಿಗೆ ಮಾಡಿದ ದ್ರೋಹವನ್ನು ನಮ್ಮ ಕಾಲ ಕಂಡಿದೆ. ಸಣ್ಣದನ್ನು ಮುಚ್ಚಲು ಕಲಿತ ಕೈಯೇ ದೊಡ್ಡದನ್ನೂ ಮುಚ್ಚುತ್ತದೆ.

ಅರಸ ದಾವೀದನ ಬಳಿಗೆ ಪ್ರವಾದಿ ನಾತಾನ ಬಂದು ಬಡವನ ಒಂದೇ ಕುರಿಮರಿಯನ್ನು ಕಸಿದುಕೊಂಡ ಧನಿಕನ ಕಥೆ ಹೇಳಿದನು. ದಾವೀದ ಆ ಧನಿಕನ ಮೇಲೆ ಕೆಂಡವಾದನು. ಆ ಧನಿಕ ತಾನೇ ಎಂದು ತಿಳಿದಾಗ ಅವನು ನಾತಾನನ ಮೇಲೆ ಸಿಟ್ಟಾಗಬಹುದಿತ್ತು, ಅಧಿಕಾರವೂ ಅವನ ಕೈಯಲ್ಲಿತ್ತು. ಆದರೆ ಅವನು ತನ್ನ ಪಾಪವನ್ನು ಒಪ್ಪಿಕೊಂಡನು. ದೂರದ ಕ್ಲಬ್ಬುಗಳ ಭ್ರಷ್ಟಾಚಾರದ ಸುದ್ದಿ ಓದಿ ಕೆಂಡವಾಗುವ ನಾವು ನಮ್ಮ ಬಾಗಿಲಿಗೆ ಬಂದ ನಾತಾನನನ್ನು ಹೊಟ್ಟೆಕಿಚ್ಚಿನವನೆಂದು ಅಟ್ಟುತ್ತಿದ್ದೇವೆ.

ಆದ್ದರಿಂದ ನಮ್ಮ ಚರ್ಚುಗಳ ಪಾಲನಾ ಸಮಿತಿಗಳಿಗೂ ಯುವ ಸಂಘಟನೆಗಳಿಗೂ ನನ್ನದೊಂದು ನೇರವಾದ ಕೋರಿಕೆ. ಆಟಗಾರರ ಪಟ್ಟಿಯನ್ನು ಚರ್ಚಿನ ಕುಟುಂಬ ದಾಖಲೆಯೊಂದಿಗೆ ತಾಳೆ ನೋಡಿರಿ. ಹೊರಗಿನ ಆಟಗಾರರು ಬೇಕಿದ್ದರೆ ನಿಯಮದಲ್ಲಿಯೇ ಬರೆದು ಎಲ್ಲ ತಂಡಗಳಿಗೂ ಅವಕಾಶ ಕೊಡಿರಿ, ಅವರಿಗೆ ಕೊಟ್ಟ ಹಣವನ್ನು ಬಹಿರಂಗಪಡಿಸಿರಿ. ಪಂದ್ಯಾಟ ಮುಗಿದ ಮುಂದಿನ ಭಾನುವಾರ ಹಬ್ಬದ ಲೆಕ್ಕವನ್ನು ಓದುವಂತೆಯೇ ಪಂದ್ಯಾಟದ ಲೆಕ್ಕವನ್ನೂ ಪೂಜೆಯ ನಂತರ ಓದಿ ಹೇಳಿರಿ. ದೂರು ಬಂದರೆ ದೂರು ಕೊಟ್ಟವರ ಹೆಸರು ಕೇಳುವ ಮೊದಲು ದೂರಿನಲ್ಲಿರುವುದು ನಿಜವೇ ಎಂದು ವಿಚಾರಿಸಿರಿ. ಧರ್ಮಗುರುಗಳು ತಮ್ಮ ಮೊಹರನ್ನು ಜೋಪಾನವಾಗಿ ಇಟ್ಟುಕೊಳ್ಳಲಿ, ನನ್ನಿಂದಾದರೂ ಪಾಠ ಕಲಿಯಲಿ.

ತಂದೆತಾಯಂದಿರಿಗೆ ಇನ್ನೂ ಸಣ್ಣ ಕೆಲಸವಿದೆ. ಮಗ ಕಪ್ಪು ಹಿಡಿದು ಮನೆಗೆ ಬಂದ ರಾತ್ರಿ ಬೆನ್ನು ತಟ್ಟಿರಿ, ಸಿಹಿ ಹಂಚಿರಿ. ಆಮೇಲೆ ಊಟಕ್ಕೆ ಕುಳಿತಾಗ ಒಂದು ಮಾತು ಕೇಳಿರಿ: ‘ಇವತ್ತು ಹೊರಗೆ ಕೂತವರು ಯಾರು, ಯಾಕೆ?’ ನಿಮ್ಮ ಕಣ್ಣು ನೋಡಿ ಅವನು ಉತ್ತರ ಹೇಳುವಂತಿದ್ದರೆ ಆ ಕಪ್ಪನ್ನು ಸಂತೋಷದಿಂದ ಪ್ರಾರ್ಥನಾಪೀಠದ ಪಕ್ಕದಲ್ಲಿಯೇ ಇಡಿರಿ.