ಕೂಡಿ ಆಡುವ ಆಟ

ಕುರುಕ್ಷೇತ್ರದ ಹದಿಮೂರನೆಯ ದಿನ ಅಭಿಮನ್ಯುವು ಚಕ್ರವ್ಯೂಹವನ್ನು ಹೊಕ್ಕ ಕಥೆಯನ್ನು ಕೇಳದವರು ವಿರಳ. ವ್ಯೂಹವನ್ನು ಭೇದಿಸುವ ವಿದ್ಯೆ ಆ ತರುಣನಿಗೆ ಕರಗತವಾಗಿತ್ತು. ಹೊರಬರುವ ವಿದ್ಯೆ ತಿಳಿದಿರಲಿಲ್ಲ. ಆ ಕೊರತೆಯನ್ನು ತುಂಬಲು ಪಾಂಡವರು ಅವನ ಬೆನ್ನ ಹಿಂದೆಯೇ ಒಳನುಗ್ಗುವುದೆಂದು ನಿಶ್ಚಯವಾಗಿತ್ತು. ಆದರೆ ಸೈಂಧವನು ವ್ಯೂಹದ ಬಾಗಿಲಲ್ಲಿಯೇ ಅವರನ್ನು ತಡೆದು ನಿಲ್ಲಿಸಿದನು. ಅಭಿಮನ್ಯು ಒಂಟಿಯಾದನು. ಅವನಲ್ಲಿ ಪರಾಕ್ರಮಕ್ಕೆ ಕೊರತೆಯಿರಲಿಲ್ಲ. ಹೊಕ್ಕವನ ಹಿಂದೆ ಬರಬೇಕಾದವರು ಬಾರದೆ ಹೋದುದೇ ಅವನಿಗೆ ಮುಳುವಾಯಿತು.

ಈ ಪುರಾತನ ಕಥೆಯ ಸತ್ಯವು ಇಂದು ಕಂಪ್ಯೂಟರಿನ ತೆರೆಯ ಮೇಲೆಯೂ ದಿನನಿತ್ಯ ರುಜುವಾತಾಗುತ್ತಿದೆ. ಬೇರೆ ಬೇರೆ ಊರುಗಳಲ್ಲಿ ಕುಳಿತವರು ಅಂತರಜಾಲದ ಮೂಲಕ ಎರಡು ತಂಡಗಳಾಗಿ ಸೇರಿ, ತೆರೆಯ ಮೇಲಿನ ಬಂದೂಕುಗಳಿಂದ ಸೆಣಸುವ ಆಟಗಳು ಜಗತ್ತಿನಾದ್ಯಂತ ಹಬ್ಬಿವೆ. ನೋಡುವವರಿಗೆ ಇವು ಕೇವಲ ಕಣ್ಣು ಮತ್ತು ಬೆರಳುಗಳ ಚುರುಕಿನ ಆಟಗಳೆಂದು ತೋರುವುದು ಸಹಜ. ಯಾರ ಗುರಿ ನಿಖರವೋ ಅವನೇ ಗೆಲ್ಲುವನೆಂಬುದು ಸಾಮಾನ್ಯರ ಗ್ರಹಿಕೆ. ಇದು ಅರ್ಧಸತ್ಯ. ಗುರಿಯು ಒಂದು ಕ್ಷಣವನ್ನು ಗೆದ್ದುಕೊಡಬಲ್ಲದು. ಪಂದ್ಯವನ್ನು ಗೆದ್ದುಕೊಡುವುದು ಒಗ್ಗಟ್ಟು.

ಇಂತಹ ಆಟಗಳಲ್ಲಿ ಬಹು ಪ್ರಸಿದ್ಧವಾದುದು ‘ಕೌಂಟರ್-ಸ್ಟ್ರೈಕ್’. 1999ರಲ್ಲಿ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ತರುಣರು ‘ಹಾಫ್-ಲೈಫ್’ ಎಂಬ ಮತ್ತೊಂದು ಆಟವನ್ನು ಮಾರ್ಪಡಿಸಿ ಇದನ್ನು ರೂಪಿಸಿದರು. ಮರುವರ್ಷ ಅಮೆರಿಕದ ವಾಲ್ವ್ ಸಂಸ್ಥೆಯು ಇದನ್ನು ಹೊರತಂದಿತು. 2023ರಲ್ಲಿ ಇದು ‘ಕೌಂಟರ್-ಸ್ಟ್ರೈಕ್ 2’ ಎಂಬ ಹೊಸ ರೂಪವನ್ನು ತಾಳಿತು. ಸ್ಪರ್ಧೆಯ ಆಟದಲ್ಲಿ ತಂಡಕ್ಕೆ ಐವರು. ಗೊತ್ತುಪಡಿಸಿದ ಎರಡು ಸ್ಥಳಗಳಲ್ಲಿ ಒಂದರಲ್ಲಿ ಬಾಂಬನ್ನು ಇರಿಸುವುದು ಒಂದು ತಂಡದ ಕೆಲಸ. ಅದನ್ನು ತಡೆಯುವುದು ಮತ್ತೊಂದರ ಕೆಲಸ. ಒಂದು ಸುತ್ತಿಗೆ 1 ನಿಮಿಷ 55 ಸೆಕೆಂಡುಗಳ ಕಾಲಾವಕಾಶ. ಇರಿಸಿದ ಬಾಂಬು 40 ಸೆಕೆಂಡುಗಳಲ್ಲಿ ಸಿಡಿಯುತ್ತದೆ. ಅದನ್ನು ನಿಷ್ಕ್ರಿಯಗೊಳಿಸಲು 10 ಸೆಕೆಂಡು, ತಕ್ಕ ಸಲಕರಣೆಯಿದ್ದರೆ 5 ಸೆಕೆಂಡು ಬೇಕು. 12 ಸುತ್ತುಗಳ ಬಳಿಕ ತಂಡಗಳು ತಮ್ಮ ಪಾತ್ರಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಮೊದಲು 13 ಸುತ್ತುಗಳನ್ನು ಗೆದ್ದವರಿಗೆ ಜಯ. ಒಮ್ಮೆ ಬಿದ್ದವನು ಆ ಸುತ್ತು ಮುಗಿಯುವವರೆಗೆ ಮತ್ತೆ ಆಡುವಂತಿಲ್ಲ. ಆದುದರಿಂದ ಒಬ್ಬನು ಬಿದ್ದರೆ ತಂಡದ ಐದರಲ್ಲಿ ಒಂದು ಪಾಲು ಬಲ ಕುಸಿದಂತೆಯೇ ಸರಿ.

ಬಾಂಬಿನ ಸ್ಥಳವನ್ನು ಕಾಯುವವರು ಗೋಡೆಯ ಮೂಲೆಗಳಲ್ಲಿ ಅಡಗಿರುತ್ತಾರೆ. ಅಲ್ಲಿಗೆ ಮೊದಲು ನುಗ್ಗುವವನು ಬೀಳುವ ಸಂಭವವೇ ಹೆಚ್ಚು. ಇದನ್ನು ಬಲ್ಲ ತಂಡವು ಅವನ ಹಿಂದೆ ಎರಡೇ ಹೆಜ್ಜೆಯ ಅಂತರದಲ್ಲಿ ಮತ್ತೊಬ್ಬನನ್ನು ಇರಿಸುತ್ತದೆ. ಮೊದಲನೆಯವನನ್ನು ಹೊಡೆದ ಎದುರಾಳಿಯು ಆ ಮೂಲಕ ತಾನಿರುವ ಜಾಗವನ್ನು ಬಯಲುಮಾಡುತ್ತಾನೆ. ಎರಡನೆಯವನು ಅವನನ್ನು ಅಲ್ಲಿಯೇ ಕೆಡಹುತ್ತಾನೆ. ಆಗ ನಾಲ್ವರಿಗೆ ನಾಲ್ವರು ಸಮನಾಗುವರಲ್ಲದೆ ದಾರಿಯೂ ತೆರೆಯುತ್ತದೆ. ಎರಡನೆಯವನು ಹಿಂಜರಿದು ದೂರದಲ್ಲಿ ನಿಂತನೆಂದರೆ ಮೊದಲನೆಯವನ ಬಲಿದಾನವು ವ್ಯರ್ಥ. ಕಬಡ್ಡಿಯ ಅಂಕಣದಲ್ಲಿಯೂ ಹೀಗೆಯೇ ಅಲ್ಲವೆ? ದಾಳಿಗಾರನ ಕಾಲನ್ನು ಒಬ್ಬನು ಹಿಡಿದೊಡನೆ ಉಳಿದವರು ಕೈಗೂಡಿಸದಿದ್ದರೆ, ಹಿಡಿದವನೇ ಔಟಾಗಿ ಹೊರನಡೆಯಬೇಕಾಗುತ್ತದೆ.

ಇನ್ನು ಕೆಲವರ ದುಡಿಮೆ ಕಣ್ಣಿಗೇ ಬೀಳುವುದಿಲ್ಲ. ಎದುರಾಳಿಯ ದೃಷ್ಟಿಯನ್ನು ಮರೆಮಾಡಲು ಹೊಗೆಬಾಂಬನ್ನು ಎಸೆಯುವವನು ಇಂತಹವನು. ಯಾವ ಜಾಗದಲ್ಲಿ ನಿಂತು, ಯಾವ ಮಾಡಿನ ಅಂಚಿಗೆ ಗುರಿಯಿಟ್ಟು ಎಸೆದರೆ ಹೊಗೆಯು ಸರಿಯಾದ ಕಿಂಡಿಯನ್ನೇ ಮುಚ್ಚುವುದೆಂಬುದನ್ನು ಅವನು ಗಂಟೆಗಟ್ಟಲೆ ಅಭ್ಯಾಸಮಾಡಿರುತ್ತಾನೆ. ಆ ಹೊಗೆಯ ಮರೆಯಲ್ಲಿ ಜೊತೆಗಾರರು ಸುರಕ್ಷಿತವಾಗಿ ದಾಟುತ್ತಾರೆ. ಆದರೆ ಅಂಕಪಟ್ಟಿಯಲ್ಲಿ ಎದುರಾಳಿಯನ್ನು ಕೆಡಹಿದವನ ಹೆಸರಿನ ಮುಂದೆ ಎಣಿಕೆ ಏರುವುದೇ ಹೊರತು, ಹೊಗೆಯನ್ನು ಹರಡಿದವನ ಹೆಸರಿನ ಮುಂದೆ ಏನೂ ಏರುವುದಿಲ್ಲ. ಮನೆಯ ಗೋಪುರವನ್ನು ಕೊಂಡಾಡುವವರು ತಳಪಾಯವನ್ನು ಮರೆಯುವಂತೆ, ಪಟ್ಟಿಯನ್ನು ಮಾತ್ರ ಓದುವವರು ಇವನನ್ನು ಮರೆಯುತ್ತಾರೆ.

ಈ ಆಟದಲ್ಲಿ ಹಣದ ಲೆಕ್ಕವೂ ಉಂಟು. ಅದು ಆಟದೊಳಗಿನ ಹಣ. ಪಂದ್ಯದ ಆರಂಭದಲ್ಲಿ ಪ್ರತಿಯೊಬ್ಬನಿಗೂ 800 ಡಾಲರು, ಎ.ಕೆ.-47 ಬಂದೂಕಿನ ಬೆಲೆ 2,700 ಡಾಲರು. ಸುತ್ತು ಸುತ್ತಿಗೂ ಬರುವ ಆದಾಯದಲ್ಲಿಯೇ ಆಯುಧಗಳನ್ನು ಕೊಳ್ಳಬೇಕು. ಕೈ ಬರಿದಾದ ಸುತ್ತಿನಲ್ಲಿ ಐವರೂ ಆಸೆಯನ್ನು ತಡೆದುಕೊಂಡು ಉಳಿಸಿದರೆ, ಮುಂದಿನ ಸುತ್ತಿನಲ್ಲಿ ಐವರೂ ಸುಸಜ್ಜಿತರಾಗಿ ನಿಲ್ಲಬಹುದು. ಒಬ್ಬನು ತಾಳ್ಮೆಗೆಟ್ಟು ತನ್ನ ಹಣವನ್ನು ಖರ್ಚುಮಾಡಿದನೆಂದರೆ, ಈ ಸುತ್ತಿನಲ್ಲಿ ಅವನೊಬ್ಬನೇ ಶಸ್ತ್ರಧಾರಿ, ಮುಂದಿನ ಸುತ್ತಿನಲ್ಲಿ ಅವನೊಬ್ಬನೇ ಬರಿಗೈಯವನು. ಹಣವಿದ್ದವನು ಇಲ್ಲದವನಿಗೆ ಬಂದೂಕನ್ನು ಕೊಂಡು ಕೊಡುವ ಅವಕಾಶವೂ ಇದೆ. ಹೀಗೆ ಚೀಲ ಐವರದು ಬೇರೆಯಾದರೂ ಸಂಸಾರ ಒಂದೇ ಎಂಬ ತಿಳಿವಳಿಕೆ ಇಲ್ಲಿ ಅಗತ್ಯ.

ಮಾತಿನ ಮಹತ್ವವಂತೂ ಹೇಳತೀರದು. “ಅಲ್ಲಿದ್ದಾನೆ, ಅಲ್ಲಿದ್ದಾನೆ” ಎಂದು ಕೂಗಿದರೆ ಕೇಳುವವನಿಗೆ ಏನೂ ತಿಳಿಯದು. ಅದಕ್ಕಾಗಿಯೇ ಆಟಗಾರರು ಬಯಲಿನ ಪ್ರತಿಯೊಂದು ಮೂಲೆಗೂ ಒಂದೊಂದು ಹೆಸರಿಟ್ಟುಕೊಂಡಿರುತ್ತಾರೆ. ಯಾವ ಜಾಗ, ಎಷ್ಟು ಮಂದಿ, ಯಾವ ಕಡೆಗೆ ನಡೆ ಎಂಬ ಮೂರು ಸಂಗತಿಗಳನ್ನು ಹೇಳಿ ಸುಮ್ಮನಾಗುವುದೇ ಅಲ್ಲಿನ ಉತ್ತಮ ಮಾತುಗಾರಿಕೆ. ಎದುರಾಳಿಯ ಹೆಜ್ಜೆಯ ಸಪ್ಪಳವನ್ನು ಆಲಿಸಬೇಕಾದ ಹೊತ್ತಿನಲ್ಲಿ ದೂರು, ಗೊಣಗಾಟ, ಆತ್ಮಪ್ರಶಂಸೆಗಳು ತಂಡದ ಕಿವಿಯನ್ನೇ ಮುಚ್ಚಿಬಿಡುತ್ತವೆ. ಇದರಂತೆಯೇ ಯೋಜನೆಯನ್ನು ಸಾರುವ ನಾಯಕನೂ ಒಬ್ಬನೇ ಇರಬೇಕು. ಐವರು ಐದು ಉತ್ತಮ ಯೋಜನೆಗಳನ್ನು ಹಿಡಿದು ಐದು ದಿಕ್ಕಿಗೆ ಓಡುವುದಕ್ಕಿಂತ, ಒಂದು ಸಾಧಾರಣ ಯೋಜನೆಯನ್ನು ಐವರೂ ಒಂದೇ ಮನಸ್ಸಿನಿಂದ ನೆರವೇರಿಸುವುದು ಮೇಲು.

ಈ ಮಾತಿಗೆ ಪಂದ್ಯಗಳ ಇತಿಹಾಸವೇ ಸಾಕ್ಷಿ. ಈ ಆಟದ ಅತ್ಯುನ್ನತ ಪಂದ್ಯಾವಳಿಗಳಿಗೆ ‘ಮೇಜರ್’ ಎಂದು ಹೆಸರು. 2018ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ನಡೆದ ಮೇಜರ್‌ನ ಅಂತಿಮ ಪಂದ್ಯದಲ್ಲಿ ಉಕ್ರೇನಿನ ನಾಟುಸ್ ವಿನ್ಸೆರೆ ಮತ್ತು ಡೆನ್ಮಾರ್ಕಿನ ಅಸ್ಟ್ರಾಲಿಸ್ ತಂಡಗಳು ಎದುರುಬದುರಾದವು. ಆ ವರ್ಷದ ಜಗತ್ತಿನ ಶ್ರೇಷ್ಠ ಆಟಗಾರನೆಂದು ಎಚ್‌ಎಲ್‌ಟಿವಿ ಎಂಬ ಜಾಲತಾಣವು ಆರಿಸಿದ ಒಲೆಕ್ಸಾಂಡರ್ ಕೋಸ್ತಿಲ್ಯೆವ್ ಇದ್ದುದು ಉಕ್ರೇನಿನ ತಂಡದಲ್ಲಿ. ಗೆದ್ದುದು ಮಾತ್ರ ಅಸ್ಟ್ರಾಲಿಸ್, ಅದೂ 2-0 ಅಂತರದಿಂದ. ಲೂಕಾಸ್ ರೊಸ್ಸಾಂಡರ್ ನಾಯಕನಾಗಿದ್ದ ಆ ತಂಡವು ಹೊಗೆಬಾಂಬು ಮೊದಲಾದ ಸಾಧನಗಳ ಹೊಂದಾಣಿಕೆಯ ಬಳಕೆಗೆ ಹೆಸರಾಗಿತ್ತು. 2019ರಲ್ಲಿ ಕಾಟೊವಿಟ್ಸೆ ಮತ್ತು ಬರ್ಲಿನ್ ನಗರಗಳ ಮೇಜರ್‌ಗಳನ್ನೂ ಗೆದ್ದು, ಸತತ ಮೂರು ಜಯಗಳ ಹಿರಿಮೆಯನ್ನು ಅದು ಪಡೆಯಿತು.

ಹಾಗೆಂದು ವ್ಯಕ್ತಿಯ ಪ್ರತಿಭೆಗೆ ಬೆಲೆಯಿಲ್ಲವೆಂದು ಭಾವಿಸಲಾಗದು. ತಂಡವು ಹದಗೊಂಡಾಗ ಅದೇ ಕೋಸ್ತಿಲ್ಯೆವ್ 2021ರಲ್ಲಿ ಸ್ಟಾಕ್‌ಹೋಮಿನ ಮೇಜರ್‌ನಲ್ಲಿ ಮಿಂಚಿದನು. ನಾಟುಸ್ ವಿನ್ಸೆರೆ ಅಲ್ಲಿ ಒಂದು ಆಟವನ್ನೂ ಸೋಲದೆ ಪ್ರಶಸ್ತಿಯನ್ನು ಗೆದ್ದಿತು. ಸ್ವಾರಸ್ಯವೆಂದರೆ, 2024ರಲ್ಲಿ ಕೋಪನ್‌ಹೇಗನ್ನಿನ ಮೇಜರನ್ನು ಅದೇ ತಂಡವು ಅವನಿಲ್ಲದೆಯೂ ಗೆದ್ದುಕೊಂಡಿತು. ಪ್ರತಿಭೆಯು ದೀಪದಂತೆ, ಹಣತೆಯೂ ಎಣ್ಣೆಯೂ ಬತ್ತಿಯೂ ಕೂಡಿದಾಗ ಮಾತ್ರ ಅದು ಬೆಳಗುತ್ತದೆ.

ಈ ಆಟಗಳನ್ನು ಹಿರಿಯರು ಶಂಕೆಯಿಂದ ನೋಡುವುದರಲ್ಲಿಯೂ ಅರ್ಥವಿದೆ. ಇವು ಕೊಲ್ಲುವ ಆಟದ ರೂಪದಲ್ಲಿವೆ. ಕೌಂಟರ್-ಸ್ಟ್ರೈಕಿನ 2012ರ ಆವೃತ್ತಿಯು 17 ವರ್ಷ ತುಂಬಿದವರಿಗೆ ಮಾತ್ರ ತಕ್ಕುದೆಂದು ಅಮೆರಿಕದ ಶ್ರೇಣೀಕರಣ ಸಂಸ್ಥೆಯೇ ಗುರುತಿಸಿತ್ತು. ನಿದ್ರೆ, ಓದು, ಬಯಲಿನ ಆಟ ಇವನ್ನು ನುಂಗುವಷ್ಟು ಇವುಗಳ ಸೆಳೆತವೂ ಬಲವಾದುದು. ಇದಕ್ಕಿಂತ ಸೂಕ್ಷ್ಮವಾದ ಅಪಾಯವೊಂದಿದೆ. ತಂಡದಲ್ಲಿ ಆಡಿದ ಮಾತ್ರಕ್ಕೆ ಸಹಕಾರಗುಣವು ತಾನಾಗಿ ಬರುವುದಿಲ್ಲ. ಮುಖವನ್ನೇ ಕಾಣದ ಜೊತೆಗಾರರನ್ನು ಸೋತ ಕೂಡಲೇ ಬೈಯುವುದು, ಸಿಟ್ಟಿನಿಂದ ನಡುವೆಯೇ ಆಟ ಬಿಟ್ಟೇಳುವುದು ಅಲ್ಲಿ ಅಪರೂಪವಲ್ಲ. ಒಂದೇ ಆಟವು ಒಬ್ಬನಿಗೆ ಸಹನೆಯ ಪಾಠಶಾಲೆಯಾದರೆ ಮತ್ತೊಬ್ಬನಿಗೆ ಅಹಂಕಾರದ ಗರಡಿಯಾಗಬಹುದು. ಯಾವುದಾಗಬೇಕೆಂಬುದನ್ನು ನಿರ್ಣಯಿಸುವುದು ಯಂತ್ರವಲ್ಲ, ಆಡುವವನ ಮನಸ್ಸು.

ಆದುದರಿಂದ ಈ ಆಟಗಳಿಂದ ಕಲಿಯತಕ್ಕದ್ದು ಬಂದೂಕಿನ ಗುರಿಯಲ್ಲ. ಮುನ್ನುಗ್ಗಿದವನ ಹಿಂದೆ ನಿಲ್ಲುವ ನಿಷ್ಠೆ, ತನ್ನ ಪಾಲನ್ನು ಹಂಚಿಕೊಳ್ಳುವ ಔದಾರ್ಯ, ಅಳೆದು ಆಡುವ ಮಾತು, ಹೆಸರು ಬಾರದ ಕೆಲಸವನ್ನೂ ಶ್ರದ್ಧೆಯಿಂದ ಮಾಡುವ ಮನಸ್ಸು, ಇವೇ ಅಲ್ಲಿನ ನಿಜವಾದ ವಿದ್ಯೆ. ಇವನ್ನು ಕಲಿಯಲು ಕಂಪ್ಯೂಟರೇ ಬೇಕೆಂದಿಲ್ಲ. ಶಾಲೆಯ ಕಬಡ್ಡಿ ಅಂಕಣ ಸಾಕು, ಊರಿನ ಕೆರೆಯ ಹೂಳೆತ್ತುವ ಕೆಲಸವೂ ಸಾಕು. ಪ್ರತಿ ತಲೆಮಾರಿನಲ್ಲಿಯೂ ವ್ಯೂಹವನ್ನು ಹೊಗುವ ಅಭಿಮನ್ಯುಗಳು ಹುಟ್ಟುತ್ತಾರೆ. ಅವರ ಬೆನ್ನಿಗೆ ತಕ್ಕ ಸಮಯದಲ್ಲಿ ಬಂದು ನಿಲ್ಲುವವರು ಎಷ್ಟು ಮಂದಿ ಎಂಬುದರ ಮೇಲೆಯೇ ಅವರ ಅಳಿವು ಉಳಿವು ನಿಂತಿದೆ.