ಎಲ್ಲೆಯ ಕಾವಲು

ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಮೂಡಣ ಎಲ್ಲೆಯನ್ನು ನಂಗಲಿಯೆಂದು ಸಾರುತ್ತವೆ. ಎಲ್ಲೆಯ ಕಾವಲು ಸಡಿಲವಾದರೆ ಒಳನಾಡಿಗೆ ಕೇಡು. ಈ ನೀತಿ ಹಳೆಯ ಕಾರಿಗೂ ಸಲ್ಲುತ್ತದೆ.

ಮುಳಬಾಗಿಲಿನಿಂದ ನಂಗಲಿಯ ಮೇಲೆ ಪಲಮನೇರಿಗೆ ಹೋಗುವ ಹೆದ್ದಾರಿಯಲ್ಲಿ ಮಾರುತಿ ಓಮ್ನಿಗಳು ಇಂದಿಗೂ ಓಡುತ್ತವೆ. ಅವುಗಳ ತಯಾರಿಕೆ 2019ರಲ್ಲೇ ನಿಂತಿತು. ಮಳೆಗಾಲದಲ್ಲಿ ಹಿಂಬದಿಯ ಪಕ್ಕದ ಕಿಟಕಿ ಸೋರಿದರೆ ಗಾಜನ್ನು ಶಪಿಸುವವರುಂಟು. ಗಾಜು ನಿರಪರಾಧಿ, ಬಿಸಿಲಿಗೆ ಬಿರುಸಾದ ರಬ್ಬರ್ ಪಟ್ಟಿಯೇ ಕಾವಲು ತಪ್ಪಿರುತ್ತದೆ. ಹೊರಗಿನಿಂದ ಅಂಟು ಮೆತ್ತಿದರೆ ಒಳಸೇರಿದ ನೀರು ಸೆರೆಯಾಗಿ, ತಗಡನ್ನು ಗುಟ್ಟಾಗಿ ತಿನ್ನುತ್ತದೆ.

ಆದುದರಿಂದ ಗಾಜನ್ನು ಕಳಚುವುದೇ ಲೇಸು. ಒಳಗಿನ ರಬ್ಬರ್ ಅಂಚನ್ನು ಮರದ ಚಕ್ಕೆಯಿಂದ ಮೆಲ್ಲನೆ ಎಬ್ಬಿಸಿ, ಮೂಲೆಯಿಂದ ಅಂಗೈಯಲ್ಲಿ ಹೊರಕ್ಕೆ ಒತ್ತಬೇಕು. ಹೊರಗೆ ಹಿಡಿಯಲು ಇನ್ನೊಬ್ಬರಿರಬೇಕು. ಸ್ಕ್ರೂಡ್ರೈವರಿನಿಂದ ಮೀಟಿದರೆ ಗಾಜು ಒಮ್ಮೆಲೇ ಪುಡಿಯಾದೀತು. ಬಳಿಕ ತುಕ್ಕನ್ನು ಕೆರೆದು, ಬಣ್ಣ ಬಳಿದು ಒಣಗಿಸತಕ್ಕದ್ದು. ಹೊಸ ಪಟ್ಟಿಯನ್ನು ಗಾಜಿಗೆ ತೊಡಿಸಿ, ಅದರ ಹೊರಸೀಳಿನಲ್ಲಿ ಗಟ್ಟಿ ದಾರವಿಟ್ಟು, ಸೋಪಿನ ನೀರು ಸವರಿ ಚೌಕಟ್ಟಿಗೆ ಒತ್ತಬೇಕು. ಒಳಗಿನಿಂದ ದಾರವನ್ನೆಳೆಯುತ್ತ ಹೋದಂತೆ ರಬ್ಬರಿನ ತುಟಿ ತಗಡಿನ ಅಂಚನ್ನೇರಿ ಕೂರುತ್ತದೆ.

ವಾಚಕರೇ, ಗಾಜು ಒಡೆದರೆ ಇನ್ನೊಂದು ದೊರೆತೀತು. ತಗಡು ಕರಗಿದರೆ ಗಾಡಿಯೇ ಹೋದಂತೆ.